ಮೇಷ್ಟ್ರ ಜೇಬಿನ ಕೋಳಿಪುಕ್ಕ

ನಮ್ಮ ವಿಜ್ಞಾನದ ಮೇಷ್ಟ್ರ ಅಂಗಿಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಬಿಳಿ ಕೋಳಿಪುಕ್ಕ ಇರುತ್ತಿತ್ತು. ನಿವೃತ್ತರಾದ ಮೇಲೆ ಅವರು ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ಕೈಯಲ್ಲಿ ಹಿಡಿದರೆ ನಲುಗಿಹೋಗುತ್ತವೆ. ಪುಕ್ಕದಿಂದ ಸವರಿ ಸೊಪ್ಪಿನ ಮೇಲೆ ಬಿಡಬೇಕು. ಆ ಪುಕ್ಕವನ್ನು ಸಿಕ್ಕಿಸಿಕೊಂಡೇ ಮದುವೆಮನೆಗೂ ಹೋಗಿಬರುವ ಮನುಷ್ಯ ಅವರು.

ನನ್ನ ಮಗಳಿಗೆ ನಾಲ್ಕು ತಿಂಗಳಿದ್ದಾಗ ನನಗೊಂದು ಜ್ವರ ಬಂತು. ಜ್ವರ ಬಿಟ್ಟ ಮೇಲೆ ಪಾದ ಜೋಮು ಹಿಡಿಯಿತು, ವಾರದೊಳಗೆ ಕೈಕಾಲು ಎರಡೂ ಬಿದ್ದುಹೋದವು. ನರಗಳ ಹೊದಿಕೆ ಕಳಚಿದೆ, ಮತ್ತೆ ಬರುತ್ತದೆ, ಯಾವಾಗ ಎಂದು ಮಾತ್ರ ಹೇಳಲಾಗದು ಎಂದು ಡಾಕ್ಟರು ಕಳಿಸಿಕೊಟ್ಟರು. ಗೌರಿಬಿದನೂರಿನ ಅಮ್ಮನ ಮನೆಯಲ್ಲಿ ಫ್ಯಾನು ನೋಡುತ್ತಾ ಮಲಗಿದೆ. ಹಣೆಯ ಮೇಲೆ ನೊಣ ಕೂತರೆ ತಿಳಿಯುತ್ತಿತ್ತು, ಓಡಿಸಲು ಕೈ ಏಳುತ್ತಿರಲಿಲ್ಲ. ಮಗುವನ್ನು ಪಕ್ಕದಲ್ಲಿ ಮಲಗಿಸಿದರೆ ಕಣ್ಣಿಗೆ ಕಾಣುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಅದು ಅಮ್ಮನ ತೋಳಿಗೆ ಹೊಂದಿಕೊಳ್ಳುತ್ತಿರುವುದನ್ನು ನೋಡುತ್ತಾ ನನಗೆ ಹೊಟ್ಟೆ ಉರಿಯುತ್ತಿತ್ತು.

ಸುದ್ದಿ ತಿಳಿದು ಮೇಷ್ಟ್ರು ಬಂದರು. ಬಾಗಿಲಲ್ಲೇ "ಏಮ್ಮಾ, ಎಟ್ಲುಂಡಾವು?" ಎಂದು ತೆಲುಗಿನಲ್ಲಿ ನಾನು ಹೇಗಿದ್ದೇನೆಂದು ಕೇಳಿದರು. ಉತ್ತರಕ್ಕೆ ಕಾಯದೆ ಕುರ್ಚಿ ಎಳೆದುಕೊಂಡು ಪಾಠ ಶುರು ಮಾಡಿದರು.

"ಕಾಲ್ಬೆರಳಿಂದ ಬೆನ್ನುಹುರಿತನಕ ಒಂದೇ ಜೀವಕೋಶದ ಎಳೆ ಕಣಮ್ಮ, ನಡುವೆ ಗಂಟಿಲ್ಲ. ಮುಟ್ಟಿದ ಸುದ್ದಿ ಅದರಲ್ಲಿ ಹೋಗುತ್ತೆ. ಹೊದಿಕೆ ಸರಿ ಇದ್ರೆ ಎಕ್ಸ್‌ಪ್ರೆಸ್ ರೈಲು, ಅಲ್ಲೊಂದು ಇಲ್ಲೊಂದು ಸ್ಟೇಷನ್ನಲ್ಲಿ ಮಾತ್ರ ನಿಲ್ಲುತ್ತೆ. ಹೊದಿಕೆ ಹೋದ್ರೆ ಪ್ಯಾಸೆಂಜರ್. ನಿನ್ನದು ಸದ್ಯಕ್ಕೆ ಗಾಡಿನೇ ರದ್ದು."

ಅಂದಿನಿಂದ ಹುಳುಗಳಿಗೆ ಸೊಪ್ಪು ಹಾಕಿ ದಿನಾ ಸಂಜೆ ಬರುತ್ತಿದ್ದರು. ನಾನು ಕಣ್ಣು ಮುಚ್ಚಬೇಕು, ಅವರು ಪಾದಕ್ಕೋ ಅಂಗೈಗೋ ಪುಕ್ಕ ಸವರಿ "ಈಗ?" ಎನ್ನಬೇಕು. "ಇಲ್ಲ ಸಾರ್." "ಆಗಲಿ, ನಾಳೆ ನೋಡೋಣ." ಎದ್ದು ಹೋಗುತ್ತಿದ್ದರು. ದಿನಾ ಇದೇ. ಹೊರಗೆ ರೈಲು ಕೂಗಿದರೂ ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ "ಈಗ?" ಎಂದಾಗ ಎಡಪಾದದಲ್ಲಿ ಏನೋ ಹರಿದಂತಾಯಿತು. "ಹೂಂ ಸಾರ್, ಎಡಗಾಲು" ಎಂದೆ. ಕಣ್ಣು ಬಿಟ್ಟರೆ ಪುಕ್ಕ ಮೇಷ್ಟ್ರ ಜೇಬಿನಲ್ಲೇ ಇತ್ತು.

"ಅದು ಆಸೆ ಕಣಮ್ಮ," ಎಂದರು ಮೆಲ್ಲಗೆ. "ನರ ಅಲ್ಲ."

ನಾನು ಕೆಂಡವಾದೆ. "ನಾಳೆಯಿಂದ ಬರಬೇಡಿ ಸಾರ್. ನಾನೇನು ನಿಮ್ಮ ಹುಳು ಅಲ್ಲ" ಎಂದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾರನೆಯ ಸಂಜೆ ಬಾಗಿಲಲ್ಲಿ ಅದೇ "ಏಮ್ಮಾ, ಎಟ್ಲುಂಡಾವು?"

ಹೀಗೇ ಎಷ್ಟೋ ವಾರ ಕಳೆದವು. ಒಂದು ದಿನ ಮೇಷ್ಟ್ರು ಪಾದದ ಹತ್ತಿರ ಕೂತು ಪುಕ್ಕ ಆಡಿಸುತ್ತಿದ್ದರು. ಮಗು ನನ್ನ ಬಲಗಡೆ ಮಲಗಿತ್ತು.

"ಈಗ?"

"ಇಲ್ಲ ಸಾರ್. ಆದ್ರೆ ಬಲಗೈ ಯಾಕೋ ಬೆಚ್ಚಗಾಗ್ತಾ ಇದೆ."

ಮೇಷ್ಟ್ರು ಎದ್ದು ಬಗ್ಗಿ ನೋಡಿದರು. ಮಗಳು ನನ್ನ ಅಂಗೈ ತುಂಬ ಉಚ್ಚೆ ಹೊಯ್ದಿದ್ದಳು. ಅಮ್ಮ ಬಟ್ಟೆ ಹಿಡಿದು ಓಡಿಬಂದರೆ ಅವರು ಕೈ ಅಡ್ಡ ಹಿಡಿದರು.

"ತಡಿಯಮ್ಮ, ಒರೆಸಬೇಡ. ನಿನ್ನ ಮಗಳು ಒಂಚೂರು ಅನುಭವಿಸಲಿ." ಆಮೇಲೆ ನನ್ನ ಕಡೆ ತಿರುಗಿದರು. "ಇದಕ್ಕೆ ನೀನು ಕಾದಿರಲಿಲ್ಲ ನೋಡು. ಇದು ನರ."

ನಾನು ಬಿಕ್ಕಿಬಿಕ್ಕಿ ಅತ್ತೆ. ಅವರೂ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸುತ್ತಾ ನಿಂತರು.

ಕೈಗಳು ಮೊದಲು ಬಂದವು. ಕಾಲು ಬರುವುದಕ್ಕೆ ವರ್ಷ ಹಿಡಿಯಿತು. ದೂರದ ಸ್ಟೇಷನ್ನು, ತಡವಾಗುತ್ತೆ ಎನ್ನುತ್ತಿದ್ದರು ಮೇಷ್ಟ್ರು. ಮೊದಲ ಸಲ ನಡೆದುಕೊಂಡು ಅವರ ಮನೆಗೆ ಹೋಗಿ ನಮಸ್ಕರಿಸಲು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡರು. ಅವರು ಯಾರಿಗೂ ಕಾಲು ಮುಟ್ಟಲು ಬಿಟ್ಟವರಲ್ಲ. "ಹೋಗು, ಮಗೂನ ಎತ್ಕೋ" ಎಂದರು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು, ಒಳಗಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ಬಗ್ಗಿ ಪಾದ ಹಿಡಿದೆ. ಈ ಸಲ ಅವರು ಎಳೆದುಕೊಳ್ಳಲಿಲ್ಲ. ಹಿಮ್ಮಡಿಯ ಒಂದೊಂದು ಬಿರುಕೂ ನನ್ನ ಬೆರಳಿಗೆ ತಾಗಿತು.

"ಗೊತ್ತಾಗ್ತಿದೆ ಸಾರ್," ಎಂದೆ. "ತಣ್ಣಗಿದೆ."