ಒತ್ತೆಗೆ ಹೋದ ಫೋನು

ಮಿತ್ರರೇ, ಇಂದು ಬೆಳಿಗ್ಗೆ ತುಂಬಿದ ಹಿತ್ತಲ ಬಾವಿಯ ಫೋಟೊ ತೆಗೆಯಲು ಬಗ್ಗಿದೆ. ಫೋನು ಬಾವಿಯ ಪಾಲಾಯಿತು.

"ಅಯ್ಯ, ಮೊಮ್ಮಗಳ ಫೋಟೊ ಎಲ್ಲಾ ಅದರಾಗ ಅದಾವ!" ಹೆಂಡತಿ ಕೂಗಿದಳು.

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಅಂದರೆ ಪಾತಾಳಗರಡಿ, ನಮ್ಮ ಕೊಟ್ಟೂರಿನ ಓಣಿಯಲ್ಲಿ ಉಳಿದಿರುವುದು ಪಕ್ಕದ ಮನೆಯ ಗುರಮ್ಮಜ್ಜಿಯ ಹತ್ತಿರ ಮಾತ್ರ. ಓಡಿದೆ.

"ಮೊದ್ಲು ಒತ್ತಿ ಇಡು. ನಿಮ್ಮವ್ವ ಹಿತ್ತಾಳಿ ಕೊಡ ಇಟ್ಟೇ ಒಯ್ತಿದ್ಲು."

"ಈಗ ಮನಿಯಾಗ ಬರೇ ಪ್ಲಾಸ್ಟಿಕ್ ಕೊಡ ಅದಾವಜ್ಜಿ."

"ಹಂಗಾರ ನಿನ್ ಹೆಂಡ್ತಿ ಫೋನ್ ಇಡು."

ಇಟ್ಟೆ. ಕೊಕ್ಕೆ ಕಲ್ಲಿಗೆ ತಾಗಿ ಠಣ್ ಎಂದದ್ದೇ ತಡ, ಅವ್ವನ ಕಾಲದಂತೆ ಓಣಿಗೆ ಓಣಿಯೇ ಬಾವಿಕಟ್ಟೆಗೆ ಬಂತು. "ಎಡಕ್ಕ ಎಳಿಯಲೇ, ಎಡಕ್ಕ!" ಎಷ್ಟು ವರ್ಷವಾಗಿತ್ತು, ಎಲ್ಲರೂ ಒಟ್ಟಾಗಿ ನನ್ನನ್ನು ಬೈದು! ಫೋನಿಗೆ ಕಟ್ಟಿದ್ದ, ಕೊರಳಿಗೆ ಹಾಕುವ ದಾರ ಕೊಕ್ಕೆಗೆ ಸಿಕ್ಕಿ ಫೋನು ಮೇಲೆ ಬಂತು.

ಸೋರುತ್ತಿದ್ದ ಫೋನನ್ನು ಅಜ್ಜಿ ಕನಿಕರದಿಂದ ನೋಡಿದಳು. "ಕೊಡ ಆಗಿದ್ರ ಬೋರಲು ಹಾಕಿದ್ರ ಮುಗೀತಿತ್ತು."

ದಿನವಿಡೀ ಆರಿಸಿದ ಮೇಲೆ ಸಂಜೆ ಫೋನು ಕಣ್ಣುಬಿಟ್ಟಿತು. ಮೊಮ್ಮಗಳು ಕ್ಷೇಮ. ಪಾತಾಳಗರಡಿ ಹಿಂದಿರುಗಿಸಲು ಹೋದರೆ, ಅಜ್ಜಿ ಒತ್ತೆಯ ಫೋನಿನಲ್ಲಿ ಮಾಗಳ ಊರಿನಲ್ಲಿರುವ ತಂಗಿಯ ಜೊತೆ ಮಾತಿಗೆ ಕೂತಿದ್ದಾಳೆ.

"ಗರಡಿ ಇನ್ನೆರಡು ದಿನ ನಿಮ್ಮನಿಯಾಗ ಇರ್ಲಿ ಬಿಡು. ಬಾವಿ ತುಂಬೈತಿ, ಮತ್ತೇನಾರ ಬೀಳ್ತೈತಿ!"

ಫೋನಿಲ್ಲದ ಹೆಂಡತಿ ಈಗ ನನ್ನ ಫೋನನ್ನೇ ದಿಟ್ಟಿಸುತ್ತಿದ್ದಾಳೆ. ಬೇಗ ಪೋಸ್ಟ್ ಮಾಡಿಬಿಡುತ್ತೇನೆ.