ಮಾವ ಕಾರು ಇಳಿಸಿದ ಆಯುಧಪೂಜೆ

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಮೊದಲು ಜಗಳ, ಆಮೇಲೆ ಪೂಜೆ. ಅತ್ತೆ ನಡುಮನೆಯಲ್ಲಿ ರಂಗೋಲಿ ಹಾಕಿ, ಅದರ ಮೇಲೆ ಕುಡುಗೋಲು, ಮಚ್ಚು, ಈಳಿಗೆಮಣೆ, ನನ್ನ ಹೊಲಿಗೆ ಕತ್ತರಿ, ಟ್ರ್ಯಾಕ್ಟರಿನ ಸ್ಪ್ಯಾನರು ಎಲ್ಲವನ್ನೂ ಜೋಡಿಸುತ್ತಾರೆ. ಕೊನೆಗೆ ಬೀರುವಿನಿಂದ ಮಾವನ ಪದಕ ತಂದು ನಟ್ಟನಡುವೆ ಇಟ್ಟು ಅರಿಶಿನ ಕುಂಕುಮ ಮೆತ್ತುತ್ತಾರೆ. ಅದರ ರಿಬ್ಬನ್ನಿನ ಬಣ್ಣ ಯಾವುದಿತ್ತೆಂದು ಈಗ ಕೊಟ್ಟವರೇ ಬಂದರೂ ಹೇಳಲಾರರು.

"ಅದು ಆಯುಧ ಅಲ್ಲ ಕಣೇ, ತೆಗಿ ಅದನ್ನ" ಎಂದು ಮಾವ ರೇಗುತ್ತಾರೆ.

"ಆಯುಧ ಹಿಡ್ದಿದ್ದಕ್ಕೇ ತಾನೇ ಕೊಟ್ಟಿದ್ದು? ಸುಮ್ನಿರಿ" ಎನ್ನುತ್ತಾರೆ ಅತ್ತೆ. ಅಲ್ಲಿಗೆ ಮಂಗಳಾರತಿ.

ಮಾವ ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು. ಬೂದಿಗೆರೆ ಪಕ್ಕದ ಈ ಹಳ್ಳಿಯಲ್ಲಿ ರಾಗಿ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಹುಡುಗ ಅಲ್ಲಿಯವರೆಗೆ ಹೋದದ್ದೇ ಒಂದು ಸೋಜಿಗ. ನಿವೃತ್ತಿಯಾದ ಮೇಲೆ ಊರಿಗೇ ಬಂದು ದ್ರಾಕ್ಷಿ ಚಪ್ಪರ ಹಾಕಿದರು. ಯುದ್ಧದ ಮಾತೆತ್ತಿದರೆ ಅಲ್ಲಿನ ಚಳಿ, ಬೆಳಗಿನ ಪರೋಟ, ಇಷ್ಟೇ ಹೇಳುತ್ತಿದ್ದರು. ಪದಕ ಯಾಕೆ ಬಂತೆಂದು ಕೇಳಿದರೆ, "ಕೊಟ್ರು, ಇಸ್ಕೊಂಡೆ" ಎನ್ನುತ್ತಿದ್ದರು.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ಪವರ್‌ಲೂಮಿನ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನಮ್ಮಮ್ಮ ಉಪ್ಪು ಕೇಳಿದರೆ ಬೀದಿಗೆಲ್ಲ ಕೇಳಬೇಕು, ಇಲ್ಲದಿದ್ದರೆ ಆ ದಿನ ಸಾರಿಗೆ ಉಪ್ಪಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಗಂಡ, "ಸ್ವಲ್ಪ ಮೆತ್ತಗೆ ಮಾತಾಡೇ, ನಾವೇನು ಕಿವುಡ್ರಾ?" ಎಂದರು. ಆದರೆ ಮನೆಯಲ್ಲಿ ಒಬ್ಬರು ಕಿವುಡರಿದ್ದರು. ವಿಮಾನದ ಎಂಜಿನ್ನುಗಳು ಮಾವನ ಕಿವಿಯನ್ನು ಮುಕ್ಕಾಲು ಪಾಲು ತಿಂದುಹಾಕಿದ್ದವು. "ಈ ಮನೇಲಿ ನೆಟ್ಟಗೆ ಮಾತಾಡೋಳು ಇವಳೊಬ್ಳೇ ಕಣ್ರೋ" ಎಂದು ಅವರು ಎಲ್ಲರ ಮುಂದೆ ಹೇಳಿದ ದಿನದಿಂದ ನಾನು ಅವರ ಪಾರ್ಟಿ.

ಈ ವರ್ಷ ಬೇಸಿಗೆಯಲ್ಲಿ ಅವರ ಕಣ್ಣು ಕೈಕೊಟ್ಟಿತು. ನೋಟದ ಮಧ್ಯಭಾಗ ಹೋಗಿದೆ, ಅಂಚುಗಳಷ್ಟೇ ಉಳಿದಿವೆ, ಇದು ಮತ್ತೆ ಬರುವುದಿಲ್ಲ, ಕಾರು ಓಡಿಸುವುದು ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು. ಮಾವ ತಲೆಯಾಡಿಸಿದರು. ಮನೆಗೆ ಬಂದು ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಎಂದಿನಂತೆ ಪೇಪರು, ವಡೆ ತರಲು ಬೂದಿಗೆರೆಗೆ ಹೊರಟೇಬಿಟ್ಟರು. ಗಂಡ ಬೇಡಿಕೊಂಡರು, ಅತ್ತೆ ಅತ್ತರು, ನನಗೂ ಓಡಿಸಲು ಬರುತ್ತದೆ, ಕೀ ಕೊಡಿ ಎಂದು ನಾನು ನನ್ನ ಮಗ್ಗದ ಗಂಟಲಿನಲ್ಲಿ ಕೂಗಾಡಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈಗಿನ ಬೂದಿಗೆರೆ ರಸ್ತೆ ಮೊದಲಿನ ಹಾಗಿಲ್ಲ. ಅಪಾರ್ಟ್‌ಮೆಂಟುಗಳು ಎದ್ದಿವೆ, ಜಲ್ಲಿ ಹೊತ್ತ ಟಿಪ್ಪರುಗಳು, ಮಕ್ಕಳ ಶಾಲೆ ವ್ಯಾನುಗಳು. ಒಂದು ದಿನ ಕಾರು ಎಡಗಡೆಯ ಕನ್ನಡಿ ಇಲ್ಲದೆ ವಾಪಸು ಬಂತು. ಎಲ್ಲಿ ತಾಗಿತು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

"ಕನ್ನಡಿ ತಾನೇ" ಎಂದರು.

"ಇವತ್ತು ಕನ್ನಡಿ ಮಾವ, ನಾಳೆ ಯಾರ ಮನೆ ಮಗೂನೋ" ಎಂದೆ.

ಅವರು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಕಾಫಿ ತೆಗೆದುಕೊಂಡು ಹೋದರೆ ದ್ರಾಕ್ಷಿ ಚಪ್ಪರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. "ಕೀ ಕೊಟ್ಬಿಟ್ರೆ ಆಮೇಲೆ ನಾನೇನಮ್ಮ? ಜಗಲಿ ಮೇಲಿನ ಮೂಟೆ" ಎಂದರು. ಲೋಟ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಆಗ ಕೇಳದೆಯೇ ಆ ಯುದ್ಧದ ಕತೆ ಹೇಳಿದರು.

ಅವರ ಬಾಂಬರಿನಲ್ಲಿ ಇಬ್ಬರೇ. ಮೇಲೆ ಗಾಜಿನ ಗುಮ್ಮಟದೊಳಗೆ ಪೈಲಟ್. ಕೆಳಗೆ, ವಿಮಾನದ ಮೂಗಿನೊಳಗೆ, ದಾರಿ ಹೇಳಿ ಬಾಂಬು ಬಿಡುವ ನ್ಯಾವಿಗೇಟರ್. ಮಾವನ ಜೊತೆಗಿದ್ದವರು ಒಬ್ಬ ಪಂಜಾಬಿ. ಇಬ್ಬರೂ ಹಾರುತ್ತಿದ್ದದ್ದು ಕತ್ತಲಲ್ಲಿ, ಮರದ ತುದಿ ಸವರುವಷ್ಟು ತಗ್ಗಿನಲ್ಲಿ. ಒಂದು ಸಲ ಶತ್ರುವಿನ ರನ್‌ವೇ ಮೇಲೆ ಬಾಂಬು ಹಾಕಿ ತಿರುಗುವಾಗ ಕೆಳಗಿನಿಂದ ಗುಂಡು ಬಡಿದು ಗುಮ್ಮಟದ ಗಾಜು ಒಡೆಯಿತು. ಚೂರುಗಳು ಮಾವನ ಹಣೆ, ಹುಬ್ಬಿಗೆ ನಾಟಿದವು. ಕಣ್ಣೊಳಗೆಲ್ಲ ರಕ್ತ ಇಳಿಯಿತು.

"ನನ್ನ ಸೀಟು ಹಾರೋ ಸೀಟಮ್ಮ. ಒಂದು ಹಿಡಿ ಎಳೆದ್ರೆ ಸಾಕು, ಪೈಲಟ್ ಆಚೆ. ಪ್ಯಾರಾಶೂಟು ತಾನೇ ಬಿಚ್ಕೊಳುತ್ತೆ. ಅವನ ಸೀಟು ಹಾಗಲ್ಲ. ಅಷ್ಟು ತಗ್ಗಿನಲ್ಲಿ ಅವನು ಬಾಗಿಲು ತೆಗೆದು ಜಿಗಿಯೋ ಹಾಗೂ ಇಲ್ಲ. ನಾನು ಹೋದ್ರೆ ಅವನು ಹೋದ ಹಾಗೇ."

"ನೀವು ಎಳೀಲಿಲ್ಲ" ಎಂದೆ.

"ಎಳೀಲಿಲ್ಲ. ಅವನಿಗೆ ಹೇಳ್ದೆ, ನಂಗೆ ಕಾಣ್ತಿಲ್ಲ ಕಣೋ, ನೀನು ನೋಡಿ ಹೇಳು ಅಂತ. ಅಲ್ಲಿಂದ ನಮ್ಮ ನೆಲದವರೆಗೂ ಅವನು ಹೇಳ್ದ, ನಾನು ತಿರುಗಿಸ್ದೆ. ಇಳಿಯೋವಾಗ್ಲೂ ಅಷ್ಟೇ. ಎಡಕ್ಕೆ ಅಂದ, ಎಡಕ್ಕೆ. ಇಳಿಸು ಅಂದ, ಇಳಿಸ್ದೆ. ಪದಕ ಇಬ್ರಿಗೂ ಬಂತು. ಅವನಿಗೆ ಬರದೇ ಇದ್ದಿದ್ರೆ ನಾನು ಮುಟ್ತಾ ಇರ್ಲಿಲ್ಲ."

ಕಾಫಿ ಆರಿಹೋಗಿತ್ತು. ಲೋಟ ಕೆಳಗಿಟ್ಟು ಅವರೇ ಮತ್ತೆ ಶುರುಮಾಡಿದರು. "ಆ ರನ್‌ವೇ ಪಕ್ಕದಲ್ಲೂ ರಾತ್ರಿ ಪಾಳಿಯೋರು ಇದ್ದಿರ್ತಾರೆ. ಊಟದ ಡಬ್ಬಿ ತಗೊಂಡು ಬಂದೋರು. ನಮ್ಮ ಕೆಲಸ ನಾವು ಮಾಡಿದ್ವಿ, ಇಲ್ಲ ಅನ್ನಲ್ಲ. ಆದ್ರೆ ಆ ಪದಕಕ್ಕೆ ಕುಂಕುಮ ಹಚ್ಚಿದಾಗೆಲ್ಲ ಅವರ ನೆನಪು ಬರುತ್ತೆ."

ನಾನೂ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಡಬ್ಬಿ ಹಿಡಿದು ಪಾಳಿಗೆ ಹೋಗುವವಳು. ಆ ಮಾತು ಎದೆಗೆ ತಾಗಿತು. ಇಷ್ಟು ವರ್ಷದ ಹಬ್ಬದ ಜಗಳ ಯಾಕೆಂದು ಆ ಸಂಜೆ ಅರ್ಥವಾಗಿ, ರಾತ್ರಿಯ ಮುದ್ದೆ ತೊಳಸುತ್ತಾ ಅತ್ತೆಗೆ ಹೇಳಿದೆ. ಅವರು ಒಲೆ ಸಣ್ಣಗೆ ಮಾಡಿ, "ನಂಗ್ಯಾಕೆ ಹೇಳಲಿಲ್ಲ ಈ ಮನುಷ್ಯ" ಎಂದು ಸೆರಗಿನಿಂದ ಮೂಗೊರೆಸಿಕೊಂಡರು.

ಮಾವ ಕೀ ಮಾತ್ರ ಕೊಡಲಿಲ್ಲ. ಆದರೆ ಕಾರು ಶೆಡ್ಡಿನಿಂದ ಹೊರಗೆ ಬರುವುದು ನಿಂತಿತು. "ಹಬ್ಬದ ದಿನ ನಿಂಬೆಹಣ್ಣಿನ ಮೇಲೆ ನಾನೇ ಹತ್ತಿಸ್ತೀನಿ. ಆಮೇಲೆ ನೋಡೋಣ" ಎಂದರು. ಪೂಜೆಯಾದ ಗಾಡಿಯ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಹತ್ತಿಸುವುದು ಎಲ್ಲ ಕಡೆಯೂ ಉಂಟು. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಬಾಲ ಸೇರಿದೆ. ಯಾರು ಹತ್ತಿಸುತ್ತಾರೋ ಮುಂದಿನ ಹಬ್ಬದವರೆಗೆ ಗಾಡಿ ಅವರದು. ಎತ್ತಿನ ಗಾಡಿಯ ಕಾಲದಿಂದಲೂ ಹಾಗೇ. ಹಾಗಾಗಿ ಎಲ್ಲರಿಗೂ ಒಳಗೊಳಗೇ ಭಯ.

ಹಬ್ಬದ ದಿನ ಕಾರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದೆವು. ಒಳಗೆ ಮಚ್ಚು, ಕತ್ತರಿಗಳ ನಡುವೆ ಪದಕ ಇರಲಿಲ್ಲ. ಅತ್ತೆ ಅದನ್ನು ದೇವರ ದೀಪದ ಪಕ್ಕ ಇಟ್ಟು, ಕುಂಕುಮ ಹಚ್ಚದೆ, ಒಂದು ಬಿಳಿ ಹೂವಿಟ್ಟಿದ್ದರು. ಮಾವ ಬಗ್ಗಿ, ಬೆರಳಿನಿಂದ ತಡವಿ, ಹೊರಗೆ ಬಂದು ಸ್ಟೇರಿಂಗಿನ ಮುಂದೆ ಕೂತರು.

"ಅಪ್ಪಾ, ಬೇಡ" ಎಂದರು ನನ್ನ ಗಂಡ. ಶೆಡ್ಡಿನ ಮುಂದೆ ಎಡಕ್ಕೆ ಚಪ್ಪರದ ಕಲ್ಲುಕಂಬ, ಬಲಕ್ಕೆ ನೀರಿನ ತೊಟ್ಟಿ, ನಡುವೆ ಕಾರಿನಷ್ಟೇ ಜಾಗ.

ಮಾವ ಎಡಗಡೆಯ ಬಾಗಿಲು ತೆರೆದು ನನ್ನನ್ನು ಕರೆದರು. "ಬಾಮ್ಮ, ಕೂತ್ಕೋ. ನೀನು ಹೇಳು."

ಗೇಟು ಹಾಕಿಸಿ, ಎಲ್ಲರನ್ನೂ ಜಗಲಿ ಹತ್ತಿಸಿ ಕೂತೆ. "ಬಿಡಿ ಮಾವಾ, ನಿಧಾನ!" ಎಂದು ಕೂಗಿದೆ. ನಿಂಬೆಹಣ್ಣುಗಳು ಪಟ್ಟೆಂದವು. "ಬಲಕ್ಕೆ ಒಂಚೂರು... ಸಾಕು! ನೇರ... ಎಡಕ್ಕೆ, ಎಡಕ್ಕೆ, ಸಾಕು!" ನಾನು ಎಷ್ಟು ಹೇಳಿದೆನೋ ಅಷ್ಟೇ ತಿರುಗಿಸಿದರು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಮಾತನ್ನು ಹಾಗೆ ಕೇಳಿದವರು ಇನ್ನೊಬ್ಬರಿಲ್ಲ, ಕಟ್ಟಿಕೊಂಡ ಗಂಡನನ್ನೂ ಸೇರಿಸಿ. ಗೇಟಿನ ಹತ್ತಿರ "ನಿಲ್ಸಿ!" ಎಂದೆ. ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದರು, ಎಂಜಿನ್ ಆರಿಸಿದರು.

"ಇಳೀತಲ್ಲ" ಎಂದರು. ಮುಖ ಅರಳಿತ್ತು. ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, ಸುತ್ತು ಹಾಕಿ ಬಂದು, ನಾನು ಎದ್ದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ನಾನು ಅಳುತ್ತಲೇ ಸ್ಟೇರಿಂಗ್ ಹಿಡಿದೆ.

ಈಗ ಪಾಳಿಗೆ ಮುಂಚೆ ದಿನಾ ಅವರನ್ನು ಬೂದಿಗೆರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ನನ್ನ ಗೇರಿನ ಬಗ್ಗೆ ಅವರ ತಕರಾರು ಮುಗಿಯುವುದಿಲ್ಲ. ವಾಪಸು ಬರುವಾಗ ಹೊಲದಂಚಿನಲ್ಲಿ ಕಾರು ನಿಲ್ಲಿಸಿ ಇಬ್ಬರೂ ವಡೆ ತಿನ್ನುತ್ತೇವೆ. ತಲೆಯ ಮೇಲೆ ದೇವನಹಳ್ಳಿಯ ಕಡೆಗೆ ವಿಮಾನಗಳು ಇಳಿಯುತ್ತಿರುತ್ತವೆ. ಮಾವ ಮುಖ ಮೇಲೆತ್ತುತ್ತಾರೆ.

"ಹೇಗೆ ಬರ್ತಾ ಇದ್ದಾನೆ?"

"ಕೆಂಪು ಬಾಲ ಮಾವ. ಚಕ್ರ ಬಿಟ್ಟಾಯ್ತು. ಎಡಗಡೆ ರೆಕ್ಕೆ ಸ್ವಲ್ಪ ತಗ್ಗಿದೆ."

"ಇನ್ನೂ ಗಟ್ಟಿಯಾಗಿ ಹೇಳಮ್ಮ" ಎನ್ನುತ್ತಾರೆ. "ನೀನು ಹೇಳಿದ್ರೆ ನಂಗೆ ಕಾಣುತ್ತೆ."