ಮರ್ಜಾಲಿನ ಎಂಪಾರ್

ನಮ್ಮ ಪೇಗೊ ಊರಲ್ಲಿ ಉದ್ದನೆಯ ಗಳ ಊರಿ ದೋಣಿ ನಡೆಸುವುದರಲ್ಲಿ ಎಂಪಾರ್ ಸೆಂದ್ರಾಳನ್ನು ಮೀರಿಸಿದವರಿಲ್ಲ. ಮದುವೆಯ ದಿನವೇ ಗಂಡ ಬತಿಸ್ತನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟವಳು, ತಿರುವಿನಲ್ಲಿ ಅವನನ್ನು ಸೂಟು ಸಮೇತ ನೀರಿಗೆ ಕೆಡವಿದ್ದಳು. ಬೇಕೆಂದೇ ಕೆಡವಿದಳೆಂದು ಅವನು ಈಗಲೂ ಹೇಳುತ್ತಾನೆ.

ಸಮುದ್ರದಂಚಿನ ಆ ಜೌಗಿಗೆ ನಾವು ಮರ್ಜಾಲ್ ಎನ್ನುತ್ತೇವೆ. ಎಂಪಾರ್ ಅಲ್ಲಿ ಹಾವುಮೀನು ಹಿಡಿದೇ ಸಂಸಾರ ತೂಗಿಸಿದವಳು. ಬತಿಸ್ತನ ಮಂಡಿ ಕೈಕೊಟ್ಟ ವರ್ಷ ಜೊತೆಗೆ ಬಲೆ ಎಳೆಯುವವರು ಬೇಕಾದರು. ಕಿತ್ತಳೆ ಕೊಯ್ಲಿನ ಕಾಲ ಮುಗಿದು ಕೆಲಸವಿಲ್ಲದೆ ಇದ್ದ ರಿಮು ಬಂದಳು. ಮೊರೊಕ್ಕೋದ ಕಡಲತೀರದವಳು. ನೀರು ಕಂಡವಳೇ ನಕ್ಕಳು.

"ಅಕ್ಕಾ, ಇದು ನಮ್ಮೂರಿನ ಮೆರ್ಜಾ ತರಾನೇ ಇದೆ."

"ಮೆರ್ಜಾ ಅಲ್ಲ ಕಣೇ, ಮರ್ಜಾಲ್."

"ನಾನೂ ಅದನ್ನೇ ಅಲ್ವಾ ಹೇಳಿದ್ದು?"

ದಂಡೆಯಲ್ಲಿ ಕೂತಿದ್ದ ಬತಿಸ್ತನಿಗೆ ತಡೆಯಲಾಗಲಿಲ್ಲ. "ನಮ್ಮ ಭಾಷೇಲಿ ಮಾರ್ ಅಂದ್ರೆ ಸಮುದ್ರ. ಅದರಿಂದಾನೇ ಮರ್ಜಾಲ್. ನಮ್ಮಜ್ಜ ಹೇಳಿದ್ದು."

"ನಿಮ್ಮಜ್ಜ ನನ್ನನ್ನೂ ಚೆಂದದ ಹುಡುಗಿ ಅಂದಿದ್ರು. ಅದನ್ನ ಮಾತ್ರ ನೀನು ನಂಬಲ್ಲ," ಎಂದಳು ಎಂಪಾರ್.

ಮಾತು ಸಂಜೆ ಕಾಫಿ ಅಂಗಡಿಗೂ ಬಂತು. ಸೋತರೆ ಭಾನುವಾರದ ಅಡುಗೆ ತನ್ನದೇ ಎಂದು ಬತಿಸ್ತ ಪಂಥ ಕಟ್ಟಿದ. ಶಾಲೆಯ ಟೀಚರ್ ಫೋನಿನಲ್ಲಿ ನಿಘಂಟು ತೆಗೆದು ಓದಿದರು: ಅರಬ್ಬಿಯ ಮರ್ಜ್‌ನಿಂದ ಬಂದ ಪದ, ಅರ್ಥ ಹುಲ್ಲುಗಾವಲು.

"ನೀರಲ್ಲಿ ಎಲ್ಲಿಂದ ಬಂತು ಹುಲ್ಲುಗಾವಲು?" ಎಂದ ಬತಿಸ್ತ.

"ಬೇಸಿಗೇಲಿ ನೀರು ಇಳಿದಾಗ ನಮ್ಮಲ್ಲಿ ದನ ಮೇಯ್ತವೆ, ಅಣ್ಣ," ಎಂದಳು ರಿಮು. "ಇಲ್ಲಿ ಮೇಯಲ್ವಾ?"

ಅಂಗಡಿಯಲ್ಲಿದ್ದವರೆಲ್ಲ ಅವನ ಮುಖ ನೋಡಿದರು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಮೇಯುತ್ತಿದ್ದದ್ದು ಅವನ ತಮ್ಮನ ದನಗಳೇ.

ಹುಟ್ಟಿದಾಗಿನಿಂದ ಒಲೆ ಮುಟ್ಟದ ಮನುಷ್ಯ ಭಾನುವಾರ ಹಾವುಮೀನಿನ ಸಾರಿಗಿಟ್ಟ. ಬೆಳ್ಳುಳ್ಳಿ ಸೀದಿತು, ಖಾರ ಕೈಮೀರಿತು. ಪಕ್ಕದ ಮನೆಯವಳಾದ ನಾನೂ ಕಣ್ಣಲ್ಲಿ ನೀರು ಸುರಿಸುತ್ತಲೇ ತಿಂದೆ. ರಿಮು ಎದ್ದು ಹೋಗಿ ನಿಂಬೆಹಣ್ಣು ತಂದು ಪಾತ್ರೆಗೆ ಹಿಂಡಿದಳು. ಆಮೇಲೆ ನಿಜವಾಗಿಯೂ ರುಚಿಯಾಯಿತು.

ಬತಿಸ್ತನಿಗೆ ಅಡುಗೆಯ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಈಗ ಹೆಂಗಸರಿಬ್ಬರೂ ಮೀನು ತರುತ್ತಾರೆ, ಭಾನುವಾರ ಅವನು ಬೇಯಿಸುತ್ತಾನೆ, ಪಕ್ಕದೂರಿನವರೂ ಉಣ್ಣಲು ಬರುತ್ತಾರೆ. ಮೊನ್ನೆ ಯಾರೋ ಅವನ ಕೈರುಚಿ ಹೊಗಳಿದರು.

"ಉಪ್ಪು ಕಮ್ಮಿ," ಎನ್ನುತ್ತಲೇ ಎಂಪಾರ್ ಇನ್ನೊಂದು ಸೌಟು ಬಡಿಸಿಕೊಂಡಳು.